ನಮ್ಮ ಮುಂಚೆ ಏನು ಬೀಸಿದ್ದು?

ನಮ್ಮೂರು ಬ್ಯಾಡಗಿ ಹತ್ತಿರ. ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದರೆ ಅವ್ವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ನಮ್ಮಕ್ಕಿಂತ ಮೊದಲ ಏನ ಬೀಸೀರಿ?" ಗೋಧಿ ಅಂದರೆ ನಡೆಯುತ್ತಿತ್ತು. ಕಡಲೆ ಅಂದರೆ ಮುಖ ಬದಲಾಗುತ್ತಿತ್ತು. ಆಗ ಒಂದೆರಡು ಹಿಡಿ ಜೋಳ ಹಾಕಿಸಿ, ಆ ಹಿಟ್ಟನ್ನು ಎಮ್ಮೆಗೆ ಅಂತ ಬೇರೆ ಕಟ್ಟಿಸಿಕೊಂಡು, ಆಮೇಲೆ ನಮ್ಮ ಡಬ್ಬಿ ಮುಂದಿಡುತ್ತಿದ್ದಳು. ನನಗೆ ನಾಚಿಕೆ ಆಗುತ್ತಿತ್ತು. ಸರತಿಯಲ್ಲಿ ನಿಂತವರ ಎದುರಿಗೆ ಇಷ್ಟು ಕಟ್ಟುನಿಟ್ಟು ಯಾಕೆ ಅಂತ.

ಇದೇ ಪ್ರಶ್ನೆಯನ್ನು ಹದಿನೈದು ವರ್ಷ ಆದ ಮೇಲೆ, ಎರಡು ಸಾವಿರ ಕಿಲೋಮೀಟರ್ ದೂರದ ಒಂದು ಲ್ಯಾಬ್‌ನಲ್ಲಿ, ನಮ್ಮ ಮೇಡಂ ಹಿಂದಿಯಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಥೆ ಇದು.

ನಾನು ಮಾಡುವ ಕೆಲಸ ಹೇಳಿದರೆ ಜನ ನಗುತ್ತಾರೆ. ಕಲ್ಲನ್ನು ನೆನೆಹಾಕುವುದು. ಸುಣ್ಣಕಲ್ಲನ್ನು ಸಣ್ಣ ಚೂರು ಮಾಡಿ, ಬಕೆಟ್‌ಗೆ ಹಾಕಿ, ನೂರಕ್ಕೆ ಹತ್ತರಷ್ಟು ಅಸಿಟಿಕ್ ಆ್ಯಸಿಡ್ ಬೆರೆಸಿದ ನೀರು ಹೊಯ್ಯಬೇಕು. ಅಡುಗೆಮನೆಯ ವಿನೆಗರ್‌ನ ಅಣ್ಣ ಅಂದುಕೊಳ್ಳಿ. ಕಲ್ಲು ಕರಗಲು ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಬೇಕು. ಚಳಿಗಾಲದಲ್ಲಿ ಇನ್ನೊಂದು ಕಷ್ಟ. ಗಟ್ಟಿ ಆ್ಯಸಿಡ್ 16 ಡಿಗ್ರಿ ಸುಮಾರಿಗೇ ಕ್ಯಾನ್‌ನಲ್ಲಿ ಹೆಪ್ಪುಗಟ್ಟುತ್ತದೆ. ಉತ್ತರದ ಊರು, ಜನವರಿ ತಿಂಗಳು. ನಮ್ಮ ಅಟೆಂಡರ್ ಚಾಚಾ ಬೆಳಿಗ್ಗೆ ಬಂದವರೇ ಕ್ಯಾನನ್ನು ಬಿಸಿನೀರಿನ ಟಬ್‌ನಲ್ಲಿ ಕೂರಿಸಿ, ಮಗುವಿಗೆ ಸ್ನಾನ ಮಾಡಿಸುತ್ತಿದ್ದೀನಿ ಅನ್ನುತ್ತಿದ್ದರು.

ಕಲ್ಲು ಕರಗಿದ ಮೇಲೆ ತಳದಲ್ಲಿ ಗಸಿ ಉಳಿಯುತ್ತದೆ. ಅದನ್ನು ಒಂದರ ಮೇಲೊಂದು ಇಟ್ಟ ಎರಡು ಜರಡಿಯಲ್ಲಿ ತೊಳೆಯಬೇಕು. ಕೆಳಗಿನ ಜರಡಿಯ ಕಣ್ಣು ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಣಗಿಸಿ, ಭಾರದ ದ್ರವದಲ್ಲಿ ಬಿಟ್ಟರೆ ಹಗುರ ಕಣಗಳು ತೇಲುತ್ತವೆ, ನಮಗೆ ಬೇಕಾದದ್ದು ಮುಳುಗುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ, ಮೂರು ಸೊನ್ನೆ ನಂಬರಿನ ಒದ್ದೆ ಬ್ರಷ್‌ನಿಂದ ಒಂದೊಂದೇ ಹೆಕ್ಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುತ್ತೇವಲ್ಲ, ಹಾಗೆ. ಇಲ್ಲಿ ಬಿಸಾಡುವುದು ಅಕ್ಕಿಯನ್ನು, ಅಷ್ಟೇ.

ಹೆಕ್ಕುವುದು ಹಲ್ಲನ್ನು. ಕೊನೊಡಾಂಟ್ ಅನ್ನುವ, ಹಾವುಮೀನಿನಂಥ ಸಣ್ಣ ಸಮುದ್ರ ಪ್ರಾಣಿಯ ಬಾಯಲ್ಲಿದ್ದ ಹಲ್ಲಿನಂಥ ತುಣುಕುಗಳು. ಹೆಚ್ಚಿನವು ಮಿಲಿಮೀಟರ್ ಕೂಡ ಇರುವುದಿಲ್ಲ. ನಮ್ಮ ಹಲ್ಲಿನ ಹಾಗೆ ಫಾಸ್ಫೇಟ್‌ನಿಂದ ಆದದ್ದು, ಅದಕ್ಕೇ ಅಸಿಟಿಕ್ ಆ್ಯಸಿಡ್‌ನಲ್ಲಿ ಉಳಿದುಕೊಳ್ಳುತ್ತದೆ. 1856ರಲ್ಲಿ ಪಾಂಡರ್ ಎಂಬ ವಿಜ್ಞಾನಿ ಇವನ್ನು ಮೊದಲು ವರ್ಣಿಸಿದ. ಯಾವ ಪ್ರಾಣಿಯದು ಅಂತ ನೂರಿಪ್ಪತ್ತೈದು ವರ್ಷ ಜನ ತಲೆ ಕೆಡಿಸಿಕೊಂಡರು. 1983ರಲ್ಲಿ ಸ್ಕಾಟ್ಲೆಂಡಿನ ಒಂದು ಕಲ್ಲಿನಲ್ಲಿ ಮೈಯ ಗುರುತು ಸಮೇತ ಸಿಕ್ಕಿದ್ದು ವರದಿಯಾದಾಗಲೇ ಗೊತ್ತಾಗಿದ್ದು. ಪ್ರಾಣಿ ಯಾವುದೆಂದು ತಿಳಿಯುವ ಮುಂಚೆಯೇ ಅದರ ಹಲ್ಲನ್ನು ಕ್ಯಾಲೆಂಡರ್ ಮಾಡಿಕೊಂಡು, ಯಾವ ಹಲ್ಲು ಸಿಕ್ಕಿತು ಅನ್ನುವುದರಿಂದ ಕಲ್ಲಿನ ಕಾಲ ಹೇಳುತ್ತಿದ್ದರು ಅನ್ನುವುದು ನನಗೆ ಇವತ್ತಿಗೂ ತಮಾಷೆ ಅನ್ನಿಸುತ್ತದೆ.

ನನ್ನ ಪಾಲಿಗೆ ಬಂದ ಕಲ್ಲು ಇಂಡುವನ್ ಕಾಲದ್ದು. ಭೂಮಿಯ ಇತಿಹಾಸದಲ್ಲಿ ಟ್ರಯಾಸಿಕ್ ಅನ್ನುವ ಅವಧಿ ಇದೆಯಲ್ಲ, ಅದರ ಮೊಟ್ಟಮೊದಲ ಹಂತ. ಹೆಸರು ಸಿಂಧೂ ನದಿಯದು. 1956ರಲ್ಲಿ ಕಿಪಾರಿಸೋವಾ, ಪೊಪೋವ್ ಎಂಬ ಇಬ್ಬರು ರಷ್ಯನ್ ವಿಜ್ಞಾನಿಗಳು ಇಟ್ಟದ್ದು. ಅದರ ಮುಂದಿನ ಹಂತ ಒಲೆನೆಕಿಯನ್, ಅದು ಸೈಬೀರಿಯಾದ ಒಂದು ನದಿ. ಧಾರವಾಡದಲ್ಲಿ ಓದುವಾಗ ನಾವು ನೋಡಿದ್ದೆಲ್ಲ ಇನ್ನೂರೈವತ್ತು, ಮುನ್ನೂರು ಕೋಟಿ ವರ್ಷದ ಕಲ್ಲು. ಕರ್ನಾಟಕದಲ್ಲಿ ಟ್ರಯಾಸಿಕ್ ಕಾಲದ ಕಲ್ಲೇ ಇಲ್ಲ. ಹಾಗಾಗಿ 25 ಕೋಟಿ ವರ್ಷ ಅಂದರೆ ನನಗೆ ನಿನ್ನೆ ಮೊನ್ನೆಯ ಮಾತಿನ ಹಾಗೆ ಕೇಳಿಸಿತ್ತು. ಹೊಸ ಕೆಲಸ, ಹೊಸ ಹುರುಪು, ಸ್ವಲ್ಪ ಅಹಂಕಾರ ಕೂಡ.

ಭೂಮಿಯ ಕಾಲದ ಚಾರ್ಟ್ ನೋಡಿದರೆ ಹಂತಗಳ ಪಕ್ಕ ಸಂಖ್ಯೆ ಇರುತ್ತದೆ. ಆ ಸಂಖ್ಯೆಯೇ ಗಡಿ ಅಂದುಕೊಂಡಿದ್ದೆ. ಅದು ತಪ್ಪು. ಗಡಿ ಇರುವುದು ಕಲ್ಲಿನಲ್ಲಿ, ಒಂದು ನಿರ್ದಿಷ್ಟ ಊರಿನ ನಿರ್ದಿಷ್ಟ ಪದರದ ಬುಡದಲ್ಲಿ. ಅದಕ್ಕೆ ಗೋಲ್ಡನ್ ಸ್ಪೈಕ್ ಅನ್ನುತ್ತಾರೆ, ಬಂಗಾರದ ಮೊಳೆ. ಇಂಡುವನ್ ಶುರುವಾಗುವ ಮೊಳೆ ಚೀನಾದ ಝೆಜಿಯಾಂಗ್ ಪ್ರಾಂತದ ಮೈಶಾನ್‌ನಲ್ಲಿದೆ. 27ಸಿ ಎಂಬ ಪದರದ ಬುಡ. ಹಿಂಡಿಯೋಡಸ್ ಪಾರ್ವಸ್ ಎಂಬ ಕೊನೊಡಾಂಟ್ ಅಲ್ಲಿ ಮೊದಲ ಸಲ ಕಾಣಿಸಿಕೊಳ್ಳುತ್ತದೆ. 2001ರಲ್ಲಿ ಇದು ಅಧಿಕೃತವಾಯಿತು. ಕಾಶ್ಮೀರದ ಗುರ್ಯುಲ್ ಕೂಡ ಈ ಮೊಳೆಗೆ ಅಭ್ಯರ್ಥಿಯಾಗಿತ್ತು, ಆಯ್ಕೆ ಆಗಲಿಲ್ಲ.

ಅದಕ್ಕೂ ಮುಂಚೆ ಟ್ರಯಾಸಿಕ್‌ನ ಬಾಗಿಲು ಕಾಯುತ್ತಿದ್ದದ್ದು ಓಟೊಸೆರಸ್ ಅನ್ನುವ ಸುರುಳಿ ಚಿಪ್ಪು. ಹಿಮಾಲಯದ ಓಟೊಸೆರಸ್‌ಗೆ 1880ರಲ್ಲಿ ಹೆಸರು ಕೊಟ್ಟ ಗ್ರೀಸ್‌ಬಾಕ್ ಮುಂದೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥನೂ ಆದ. ಆದರೆ ಆ ಚಿಪ್ಪು ಎಲ್ಲಾ ಕಡಲಲ್ಲೂ ಸಿಗುವುದಿಲ್ಲ. ಕೊನೊಡಾಂಟ್ ಜಾಸ್ತಿ ಕಡೆ ಸಿಗುತ್ತದೆ. ಹಾಗಾಗಿ ಕೈಯಲ್ಲಿ ಹಿಡಿಯುವಂಥ ಚೆಂದದ ಚಿಪ್ಪು ಹೋಗಿ, ಕಣ್ಣಿಗೇ ಕಾಣದ ಹಲ್ಲು ಬಂತು. ನಮ್ಮಂಥ ನೆನೆಹಾಕುವವರಿಗೆ ಕೆಲಸವೂ ಬಂತು.

ಮೈಶಾನ್‌ನ ಆ ಪದರದಿಂದ ಸುಮಾರು ಒಂದು ಗೇಣು ಕೆಳಗೆ ಹೋದರೆ ಜ್ವಾಲಾಮುಖಿ ಬೂದಿಯ ಬಿಳಿ ಮಣ್ಣಿನ ಪಟ್ಟಿ ಇದೆ. ಭೂಮಿಯ ಇತಿಹಾಸದ ಅತಿ ದೊಡ್ಡ ಸಾಮೂಹಿಕ ಸಾವು ನಡೆದದ್ದು ಆ ಮಟ್ಟದಲ್ಲಿ. ಕಡಲ ಜೀವಿಗಳಲ್ಲಿ ಬಹುಪಾಲು ಅಳಿದುಹೋದವು. ಸೈಬೀರಿಯಾದಲ್ಲಿ ಲಾವಾ ಉಕ್ಕುತ್ತಿದ್ದ ಕಾಲ. ಅಷ್ಟು ದೊಡ್ಡ ಸಾವಿಗೂ ಹೊಸ ಕಾಲದ ಬಾಗಿಲಿಗೂ ನಡುವೆ ಒಂದು ಗೇಣು ಕಲ್ಲು. ಒಂದು ಗೇಣು ಆಚೀಚೆ ಆದರೆ ಏನಾಗುತ್ತದೆ ಅನ್ನುವುದು ಆಗ ನನ್ನ ತಲೆಗೆ ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ.

ನನ್ನ ಕಲ್ಲು ಇಂಡುವನ್‌ನ ಇನ್ನೊಂದು ತುದಿಯದು, ಅಂದರೆ ಅದು ಮುಗಿದು ಒಲೆನೆಕಿಯನ್ ಶುರುವಾಗುವ ಕಡೆಯದು. ಈ ಗಡಿಗೆ ಮೊಳೆ ಹೊಡೆಯಲು ನಮ್ಮ ದೇಶದ್ದೇ ಒಂದು ಊರು ಅಭ್ಯರ್ಥಿಯಾಗಿತ್ತು: ಹಿಮಾಚಲದ ಸ್ಪಿತಿಯಲ್ಲಿ, ಪಿನ್ ಕಣಿವೆಯ ಮುದ್. 2007ರಲ್ಲಿ ಅದರ ಪರವಾಗಿ ಬರೆದ ಪ್ರಸ್ತಾಪ ಪ್ರಕಟವಾಯಿತು. ಎದುರಿಗೆ ಚೀನಾದ ಚಾವೋಹು. ಗುರುತಿಗೆ ಇಟ್ಟುಕೊಂಡದ್ದು ನಿಯೊಸ್ಪಾಥೋಡಸ್ ವಾಗೆನಿ ಎಂಬ ಕೊನೊಡಾಂಟ್‌ನ ಮೊದಲ ಹಾಜರಿ. ಮುದ್‌ನಲ್ಲಿ ಈ ಕಾಲದ ಪದರಗಳು ತೆಳು. ಕೆಲವೇ ಮೀಟರ್ ಕಲ್ಲಿನಲ್ಲಿ ಲಕ್ಷಾಂತರ ವರ್ಷ ಕೂತಿದೆ.

ಆ ಕಣಿವೆಯಿಂದ ಮೂಟೆಗಳು ಬಂದವು. ಪ್ರತಿ ಮೂಟೆಯ ಮೇಲೆ ಪದರದ ನಂಬರ್. ಕೆಳಗಿನ ಪದರಕ್ಕೆ ಸಣ್ಣ ನಂಬರ್, ಮೇಲಿನದಕ್ಕೆ ದೊಡ್ಡದು. ನಾನು ಯಾವುದರಿಂದ ಶುರು ಮಾಡಿದೆ ಗೊತ್ತಾ? ಬಾಗಿಲ ಹತ್ತಿರ ಯಾವುದಿತ್ತೋ ಅದರಿಂದ. ಲಾರಿಯಿಂದ ಕೊನೆಗೆ ಇಳಿಸಿದ್ದು ಮೇಲಿನ ಪದರದ ಮೂಟೆಗಳು, ಅವೇ ಬಾಗಿಲ ಬಳಿ ಇದ್ದವು. 41ನೆಯದು ಮೊದಲು, ಆಮೇಲೆ 38. ಸೊಂಟ ಉಳಿಯಿತು ಅಂತ ಖುಷಿ.

41ರಲ್ಲಿ ವಾಗೆನಿ ಧಾರಾಳವಾಗಿ ಇತ್ತು. ನಿರೀಕ್ಷೆಯೇ ಅದು. 38 ಗಡಿಗಿಂತ ಕೆಳಗಿನ ಪದರ, ಅದರಲ್ಲಿ ಇರಬಾರದಿತ್ತು. ಆದರೆ ಒಂದು ಸಂಜೆ ಬ್ರಷ್‌ನ ತುದಿಗೆ ಎರಡು ಸಿಕ್ಕವು. ಕೇವಲ ಎರಡು. ಅದೇ ಆಕಾರ, ಅದೇ ಹಲ್ಲಿನ ಸಾಲು. ನನ್ನ ಎದೆ ಡವಡವ. ಗಡಿ 60 ಸೆಂಟಿಮೀಟರ್ ಕೆಳಗೆ ಹೋಯಿತು! ಆ ರಾತ್ರಿ ನಿದ್ದೆ ಬರಲಿಲ್ಲ. ಸಮ್ಮೇಳನಕ್ಕೆ ಕಳಿಸಲು ಒಂದು ಪುಟದ ಸಾರಾಂಶ ಬರೆದೂ ಬಿಟ್ಟೆ. ಶೀರ್ಷಿಕೆಯನ್ನು ನಾಲ್ಕು ಸಲ ತಿದ್ದಿದ್ದು ನೆನಪಿದೆ. ಜರಡಿಯನ್ನು ಮಾತ್ರ ಒಮ್ಮೆಯೂ ನೆನೆಸಿಕೊಳ್ಳಲಿಲ್ಲ.

ಮರುದಿನ ಮೇಡಂ ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ತುಂಬಾ ಹೊತ್ತು ಸುಮ್ಮನಿದ್ದರು. "ವಾಗೆನಿನೇ" ಅಂದರು. ನಾನು ಹಿಗ್ಗಿದೆ. ಆಮೇಲೆ ತಲೆ ಎತ್ತಿ ಕೇಳಿದರು: "ಈ ಜರಡಿಯಲ್ಲಿ ಇದಕ್ಕಿಂತ ಮುಂಚೆ ಏನು ತೊಳೆದಿದ್ದೆ?"

ಗಿರಣಿ, ಡಬ್ಬಿ, ಅವ್ವನ ಮುಖ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

ರಿಜಿಸ್ಟರ್ ತೆಗೆದರೆ ಅದರಲ್ಲಿ ತಾರೀಖು ಇತ್ತು, ತೂಕ ಇತ್ತು. ಯಾವ ಜರಡಿ, ಯಾವ ಕ್ರಮ ಅನ್ನುವುದಿರಲಿಲ್ಲ. ನೆನಪಿನಿಂದ ಹೇಳಿದೆ: 41, ಮೇಡಂ. ತೊಳೆದಿದ್ದೆ, ಮೇಡಂ. "ಹೇಗೆ?" ನಲ್ಲಿ ಕೆಳಗೆ. ಅವರು ಜರಡಿ ತಂದು ಬೆಳಕಿಗೆ ಹಿಡಿದರು. ಬಲೆ ಮತ್ತು ಅಂಚು ಕೂಡುವ ಸಂದಿಯಲ್ಲಿ ಬೂದುಬಣ್ಣದ ಪುಡಿ ಗೆರೆಯ ಹಾಗೆ ಕೂತಿತ್ತು.

"ಉಳಿದ ಅರ್ಧ ಕಲ್ಲು ಎಲ್ಲಿ? ಮತ್ತೆ ಕರಗಿಸಿ ನೋಡೋಣ" ಅಂದರು. ಉಳಿದ ಅರ್ಧ ಇರಲಿಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಸಿಗುತ್ತದೆ ಅಂತ ಪೂರ್ತಿ ಐದು ಕಿಲೋ ಒಂದೇ ಬಕೆಟ್‌ಗೆ ಹಾಕಿದ್ದೆ. ಹೊರಗೆ ಡಿಸೆಂಬರ್. ಆ ಎತ್ತರದ ಕಣಿವೆಯಲ್ಲಿ ಪದರಗಳೆಲ್ಲ ಹಿಮದ ಕೆಳಗೆ. ಮುಂದಿನ ಬೇಸಿಗೆವರೆಗೆ ಆ ಎರಡು ಹಲ್ಲು ನಿಜವೋ ಸುಳ್ಳೋ ಹೇಳುವ ಹಾಗಿರಲಿಲ್ಲ. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಚಳಿಗಾಲದಲ್ಲಿ ಕಲಿತದ್ದರಲ್ಲಿ ಎರಡು ವಿಷಯ ಇಲ್ಲಿ ಹೇಳಲೇಬೇಕು.

ಮೊದಲನೆಯದು ಕ್ರಮ. ಮೇಲಿನ ಪದರ ಮೊದಲು ತೊಳೆದು ಕೆಳಗಿನದಕ್ಕೆ ಬಂದರೆ, ಜರಡಿಯಲ್ಲಿ ಉಳಿದ ಕಣ ಹೊಸ ಕಾಲದ ಪ್ರಾಣಿಯನ್ನು ಹಳೇ ಕಾಲಕ್ಕೆ ಒಯ್ಯುತ್ತದೆ. ಅಂದರೆ ಸುಳ್ಳು ಮೊದಲ ಹಾಜರಿ. ಕೆಳಗಿನಿಂದ ಮೇಲಕ್ಕೆ ಹೋದರೆ ಹಳೆಯದು ಹೊಸದರಲ್ಲಿ ಬೆರೆಯುತ್ತದೆ. ಅದೂ ತಪ್ಪೇ, ಆದರೆ ನಮ್ಮ ಗಡಿ ನಿಂತಿರುವುದು ಮೊದಲ ಹಾಜರಿಯ ಮೇಲೆ. ಕಡಲೆ ಆದ ಮೇಲೆ ಜೋಳವೋ, ಜೋಳ ಆದ ಮೇಲೆ ಕಡಲೆಯೋ ಅನ್ನುವ ಪ್ರಶ್ನೆ. ಎರಡರಲ್ಲೂ ಹಿಟ್ಟು ಬೆರೆಯುತ್ತದೆ, ಆದರೆ ರೊಟ್ಟಿ ಕೆಡುವುದು ಒಂದರಲ್ಲಿ.

ಎರಡನೆಯದು ನೀಲಿ. ಜರಡಿಯನ್ನು ತೊಳೆದ ಮೇಲೆ ಮೆಥಿಲಿನ್ ಬ್ಲೂ ಅನ್ನುವ ಬಣ್ಣ ಬೆರೆಸಿದ ನೀರಿನಲ್ಲಿ ಅದ್ದಬೇಕು. ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡ ಕಣ ನೀಲಿ ಆಗುತ್ತದೆ. ಮುಂದಿನ ಸ್ಯಾಂಪಲ್‌ನಲ್ಲಿ ನೀಲಿ ಕಂಡರೆ ಅದು ಹಿಂದಿನವರ ಹಿಟ್ಟು. ಎಷ್ಟು ಸರಳ ಉಪಾಯ ನೋಡಿ. ಒಂದೇ ತೊಂದರೆ, ಹಿಮಾಲಯದ ಕಲ್ಲು ಬೆಂದ ಕಲ್ಲು. ಹಲ್ಲುಗಳು ಬಿಸಿಗೆ ಕಂದಾಗಿ, ಕಪ್ಪಾಗಿ ಬಂದಿರುತ್ತವೆ, ಅದರ ಮೇಲೆ ನೀಲಿ ಕಾಣಿಸುವುದು ಕಷ್ಟ. ಹಲ್ಲಿನ ಜೊತೆಗಾರ ಮರಳಿನ ಕಣಗಳನ್ನು ನೋಡಬೇಕು. ಅವು ಸುಳ್ಳು ಹೇಳುವುದಿಲ್ಲ.

ಈಗ ನನ್ನ ರಿಜಿಸ್ಟರ್‌ನಲ್ಲಿ ಒಂದು ಹೆಚ್ಚಿನ ಕಾಲಂ ಇದೆ: "ಇದರ ಮುಂಚೆ". ಅರ್ಧ ಕಲ್ಲು ಮೂಟೆಯಲ್ಲೇ ಉಳಿಯುತ್ತದೆ. ಚಾಚಾನಿಗೆ ಇದರಿಂದ ಕಿರಿಕಿರಿ, ಜಾಗ ಸಾಲುವುದಿಲ್ಲ ಅಂತ.

ಮುಂದಿನ ಬೇಸಿಗೆಯಲ್ಲಿ ನಾನೂ ಹೋದೆ. ಮುದ್ 3,800 ಮೀಟರ್ ಹತ್ತಿರದ ಎತ್ತರ. ಹತ್ತು ಹೆಜ್ಜೆ ಹತ್ತಿದರೆ ಉಸಿರು ಬಾಯಿಗೆ ಬರುತ್ತದೆ. 38ನೇ ಪದರದ ಮುಂದೆ ನಿಂತಾಗ ನಗು ಬಂತು. ಒಂದು ವರ್ಷ ನಿದ್ದೆ ಕೆಡಿಸಿದ ಕಲ್ಲು ನನ್ನ ಮೊಣಕಾಲಿನ ಎತ್ತರಕ್ಕೆ, ಏನೂ ಆಗಿಲ್ಲದವರ ಹಾಗೆ ಕೂತಿತ್ತು. ಅದೇ ಪದರದಿಂದ ಮೂರು ಜಾಗದಲ್ಲಿ ಕಲ್ಲು ತೆಗೆದೆವು. ಹೊಸ ಜರಡಿ, ಕೆಳಗಿನಿಂದ ಮೇಲಕ್ಕೆ, ಅರ್ಧ ಅರ್ಧ. ಮೂರರಲ್ಲೂ ವಾಗೆನಿ ಇರಲಿಲ್ಲ.

ವರದಿಯಲ್ಲಿ "38ರಲ್ಲಿ ವಾಗೆನಿ ಇಲ್ಲ" ಅಂತ ಬರೆದುಕೊಂಡು ಹೋದೆ. ಮೇಡಂ ಪೆನ್ನು ತೆಗೆದು "ಇಲ್ಲ" ಅನ್ನುವುದನ್ನು ಹೊಡೆದು "ಸಿಕ್ಕಿಲ್ಲ" ಅಂತ ಮಾಡಿದರು. ಪಕ್ಕದಲ್ಲಿ ಎಷ್ಟು ಕಿಲೋ ಕರಗಿಸಿದ್ದು ಅಂತಲೂ ಬರೆಸಿದರು.

ಆ ಚಾರ್ಟಿನ ಸಂಖ್ಯೆಗಳನ್ನೂ ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ಇಂಡುವನ್ ಶುರುವಾದದ್ದು 25 ಕೋಟಿ 19 ಲಕ್ಷ ವರ್ಷದ ಹಿಂದೆ. ಮೈಶಾನ್‌ನ ಬೂದಿಯಲ್ಲಿರುವ ಜಿರ್ಕಾನ್ ಹರಳುಗಳಿಂದ ಲೆಕ್ಕ ಹಾಕಿದ್ದು, ಗಟ್ಟಿ ಸಂಖ್ಯೆ. ಮುಗಿದದ್ದು ಯಾವಾಗ? ನಾನು ಕೆಲಸಕ್ಕೆ ಸೇರಿದಾಗ ಗೋಡೆಯ ಮೇಲಿದ್ದ ಚಾರ್ಟಿನಲ್ಲಿ 25 ಕೋಟಿ 12 ಲಕ್ಷ ಅಂತ ಇತ್ತು. 2020ರ ಕಾಲಮಾನದ ದೊಡ್ಡ ಗ್ರಂಥದಲ್ಲಿ 24 ಕೋಟಿ 99 ಲಕ್ಷ. ಒಂದರ ಪ್ರಕಾರ ಇಂಡುವನ್ 7 ಲಕ್ಷ ವರ್ಷ, ಇನ್ನೊಂದರ ಪ್ರಕಾರ 20 ಲಕ್ಷ. ಕಲ್ಲು ಮಾತ್ರ ಅದೇ. ಯಾರಾದರೂ ಇಂಡುವನ್ ಎಷ್ಟು ದೊಡ್ಡದು ಅಂತ ಕೇಳಿದರೆ, ಯಾವ ಚಾರ್ಟು ಅಂತ ನಾನು ತಿರುಗಿ ಕೇಳುತ್ತೇನೆ. ಜಂಬ ಅಂದುಕೊಳ್ಳುತ್ತಾರೆ.

ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಅಲ್ಲವ್ವಾ, ಇಷ್ಟು ಓದಿದಾಕಿಗೆ ಇದು ಗೊತ್ತಿರಲಿಲ್ಲೇನು?" ಅಂದಳು.

ಹೋದ ತಿಂಗಳು ತಟ್ಟೆಯಲ್ಲಿ ಒಂದು ನೀಲಿ ಕಣ ಸಿಕ್ಕಿತು. ಹಲ್ಲಲ್ಲ, ಸುಮ್ನೆ ಮರಳು. ಮೂರು ಸಲ ತೊಳೆದ ಜರಡಿ ಅದು. ಆ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಎತ್ತಿಟ್ಟು, ಮೂಟೆಯಲ್ಲಿ ಉಳಿದಿದ್ದ ಅರ್ಧ ಕಲ್ಲನ್ನು ನೆನೆಹಾಕಿದೆ.