ಅಪ್ಪ ಹೋಗಿ ಇಪ್ಪತ್ತೈದು ವರ್ಷ ಆಯ್ತು, ನನಗೂ ಪಾಲು ಬರುತ್ತಾ?

ನಾನು ವಕೀಲೆ ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಹೆಚ್ಚಾಗಿ ಐವತ್ತು ದಾಟಿದ ಹೆಂಗಸರು. "ಜಮೀನೆಲ್ಲ ಅಣ್ಣನ ಹೆಸರಿಗಾಗಿದೆ. ನನಗೆ ಮದುವೇಲೇ ಒಡವೆ ಹಾಕಿ ಕಳಿಸಿದ್ರು. ಅಪ್ಪ ಕಾನೂನು ಬರೋಕೆ ಮುಂಚೇನೇ ಹೋದ್ರು. ನನಗೇನಾದ್ರೂ ಬರುತ್ತಾ ಮೇಡಂ?"

ಬರುತ್ತದೆ. ಆದರೆ ಆ ಜಮೀನು ಪಿತ್ರಾರ್ಜಿತವಾಗಿರಬೇಕು. 2004ರ ಡಿಸೆಂಬರ್ 20ಕ್ಕೆ ಮುಂಚೆ ಅದು ಮಾರಾಟವಾಗಿರಬಾರದು, ನೋಂದಾಯಿತ ವಿಭಾಗ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಭಾಗವೂ ಆಗಿರಬಾರದು. "ಬಾಯಿಮಾತಲ್ಲಿ ಯಾವಾಗಲೋ ಭಾಗ ಆಗಿತ್ತು" ಎಂದು ಅಣ್ಣಂದಿರು ಹೇಳುವುದು ಮಾಮೂಲು; ಸರ್ಕಾರಿ ದಾಖಲೆಗಳ ಗಟ್ಟಿ ಬೆಂಬಲವಿಲ್ಲದೆ ಆ ಮಾತನ್ನು ಕೋರ್ಟು ಒಪ್ಪುವುದು ಅಪರೂಪ.

ಗೊಂದಲಕ್ಕೆ ಕಾರಣವಿದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ನನ್ನನ್ನು ಕೇಳುವ ಅಕ್ಕಂದಿರಲ್ಲಿ ಹೆಚ್ಚಿನವರು ಸರಿಯಾಗಿ ಆ ಸಾಲಿನವರೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದು, 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಮದುವೆಯ ಆ ಷರತ್ತನ್ನು ತೆಗೆದುಹಾಕಿತು. 2015ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಫುಲಾವತಿ ಪ್ರಕರಣದಲ್ಲಿ, ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಎಂದಿತು ಸುಪ್ರೀಂ ಕೋರ್ಟ್. ಊರೂರಿನಲ್ಲಿ ಇವತ್ತಿಗೂ ಓಡಾಡುತ್ತಿರುವುದು ಆ ಹಳೇ ಮಾತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ 2005ರಲ್ಲಿ ಇದ್ದರೋ ಇಲ್ಲವೋ ಅನ್ನುವುದು ಬೇಕಿಲ್ಲ ಎಂದಿತು.

ಇದರಿಂದ ಆದ ವ್ಯತ್ಯಾಸ ಸಣ್ಣದಲ್ಲ. ಆರು ಎಕರೆ ಪಿತ್ರಾರ್ಜಿತ ಜಮೀನು, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ತಾಯಿ ಮೊದಲೇ ತೀರಿಕೊಂಡಿದ್ದಾರೆ ಅಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಅಪ್ಪನಿಗೆ ಮೂರು, ಮಗನಿಗೆ ಮೂರು. ಅಪ್ಪನ ಮೂರು ಎಕರೆ ಮಾತ್ರ ಮೂವರಿಗೂ ಹಂಚಿಕೆ. ಮಗನಿಗೆ ನಾಲ್ಕು ಎಕರೆ, ಹೆಣ್ಣುಮಕ್ಕಳಿಗೆ ಒಂದೊಂದು. ಈಗ ಎಲ್ಲರಿಗೂ ಎರಡೆರಡು. ಮದುವೆ ಖರ್ಚನ್ನು ಇದರಲ್ಲಿ ಕಳೆಯಲು ಕಾನೂನಿನಲ್ಲಿ ಅವಕಾಶವಿಲ್ಲ. ಅಣ್ಣನ ಮದುವೆಗೂ ಛತ್ರ ಹಿಡಿದಿದ್ದರಲ್ಲ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ!

ಅಪ್ಪ ಸ್ವಂತ ದುಡಿಮೆಯಿಂದ ಕೊಂಡ ಆಸ್ತಿಯ ಕಥೆ ಬೇರೆ. ಅದನ್ನು ಅವರು ವಿಲ್ ಮೂಲಕ ಯಾರಿಗೆ ಬೇಕಾದರೂ ಬರೆಯಬಹುದು. ವಿಲ್ ಇಲ್ಲದೆ ಹೋದರೆ ಹೆಂಡತಿ, ಮಕ್ಕಳು, ಅಪ್ಪನ ತಾಯಿ ಇದ್ದರೆ ಅವರೂ, ಎಲ್ಲರಿಗೂ ಸಮ. (ನಾನು ಹೇಳುತ್ತಿರುವುದೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮಾತು. ಮುಸ್ಲಿಮರಿಗೂ ಕ್ರೈಸ್ತರಿಗೂ ನಿಯಮ ಬೇರೆ.)

ಪಹಣಿಯ ಒಂಬತ್ತನೇ ಕಾಲಂನಲ್ಲಿ ಅಣ್ಣನ ಹೆಸರೊಂದೇ ಇದೆ ಎಂದು ಎಷ್ಟೋ ಜನ ಅಲ್ಲಿಗೇ ಕೈಚೆಲ್ಲುತ್ತಾರೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಆಗುವ ಖಾತೆ ಬದಲಾವಣೆ, ಕಂದಾಯ ಕಟ್ಟುವವರು ಯಾರು ಎಂದು ತೋರಿಸುವ ದಾಖಲೆಯೇ ಹೊರತು ಅದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಖಾತೆಗೆ ಕೊಟ್ಟ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಆ ಖಾತೆ ಬದಲಾವಣೆಯ (ಮ್ಯುಟೇಶನ್) ಕಡತದ ದೃಢೀಕೃತ ನಕಲು ತೆಗೆಸಿ ಇಟ್ಟುಕೊಳ್ಳಿ, ದಾವೆಯಲ್ಲಿ ಒಳ್ಳೆಯ ಸಾಕ್ಷ್ಯವಾಗುತ್ತದೆ.

ಹಕ್ಕು ನಿಜವಾಗಿ ಹೋಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, "ಬ್ಯಾಂಕ್ ಸಾಲಕ್ಕೆ ಒಂದು ಸಹಿ ಬೇಕಮ್ಮ" ಅನ್ನುತ್ತಾರೆ. ಕಾಗದ ಓದಿದರೆ ಅದು ಹಕ್ಕು ಬಿಡುಗಡೆ ಪತ್ರ: "ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ, ನಗದಾಗಿ ಹಣ ಪಡೆದು..." ನಗದು ಯಾರ ಕೈಗೂ ಬಂದಿರುವುದಿಲ್ಲ. ನೋಂದಣಿಯಾದ ಇಂಥ ಪತ್ರವನ್ನು ಮೋಸವೆಂದು ರದ್ದು ಮಾಡಿಸಲು ಮೋಸ ಗೊತ್ತಾದಾಗಿನಿಂದ ಮೂರೇ ವರ್ಷ ಕಾಲಾವಕಾಶ, ಅದನ್ನು ಸಾಬೀತು ಮಾಡುವ ಭಾರವೂ ನಿಮ್ಮದೇ. ಮನಸಾರೆ ತಮ್ಮನಿಗೆ ಬಿಟ್ಟುಕೊಡುತ್ತೀರಾದರೆ ಕೊಡಿ, ಅದು ನಿಮ್ಮಿಷ್ಟ. ಆದರೆ ಕರಡನ್ನು ಹಿಂದಿನ ದಿನವೇ ತರಿಸಿಕೊಂಡು, ನಿಮ್ಮ ಕಡೆಯವರೊಬ್ಬರಿಂದ ಓದಿಸಿ. ಹಣದ ಮಾತಿದ್ದರೆ ಅದು ಚೆಕ್ಕಿನಲ್ಲೋ ಬ್ಯಾಂಕ್ ಖಾತೆಗೋ ಬರಲಿ, ಚೆಕ್ ನಂಬರ್ ಪತ್ರದಲ್ಲೇ ಇರಲಿ.

ಇನ್ನು "ಕೇಸು ಹಾಕಿದರೆ ತವರಿನ ಬಾಗಿಲು ಮುಚ್ಚುತ್ತೆ" ಅನ್ನುವ ಭಯ. ಮುಚ್ಚಲೂಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೊದಲು ಒಂದು ವಕೀಲರ ನೋಟಿಸ್ ಕೊಡಿಸಿ. ಎಷ್ಟೋ ಮನೆಗಳಲ್ಲಿ ಮಾತುಕತೆ ಶುರುವಾಗುವುದೇ ಆಮೇಲೆ. ಒಪ್ಪಂದವಾದರೆ ನೋಂದಾಯಿತ ವಿಭಾಗ ಪತ್ರ ಮಾಡಿಸಿ, ಆಗದಿದ್ದರೆ ವಿಭಾಗ ದಾವೆ. "ನಿನಗೆ ಪಾಲಿಲ್ಲ" ಎಂದು ಅವರು ಮುಖಕ್ಕೆ ಹೇಳಿದ್ದರೆ ಆ ದಿನದಿಂದ ಹನ್ನೆರಡು ವರ್ಷದೊಳಗೆ ದಾವೆ ಹೂಡಬೇಕು.