ಒಬ್ಬಳೇ ಬೆಟ್ಟ ಹತ್ತೋಕೆ ಭಯ ಆಗಲ್ವಾ?

ನಾನು ಒಬ್ಬಳೇ ಬೆಟ್ಟಕ್ಕೆ ಹೋಗುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ವಾಪಸ್ ಬರೋಕೆ ಯಾರ್ಯಾರದೋ ಗಾಡಿ ಹತ್ತುತ್ತೀಯಂತೆ, ಹೌದಾ?"

ಹೌದು, ಭಯ ಆಗುತ್ತದೆ. ಹೌದು, ಗಾಡಿ ಹತ್ತುತ್ತೇನೆ. ಆದರೆ ಕೇಳುವವರು ಅಂದುಕೊಂಡ ಜಾಗದಲ್ಲಿ ನನಗೆ ಭಯ ಆಗುವುದಿಲ್ಲ.

2017ರ ಡಿಸೆಂಬರ್‌ನಲ್ಲಿ ಕುಮಾರ ಪರ್ವತಕ್ಕೆ ಹೋಗಿದ್ದೆ. ಕುಕ್ಕೆಯಲ್ಲಿ ಸ್ಕೂಟರ್ ಬಿಟ್ಟು, ಆ ಕಡೆಯಿಂದ ಹತ್ತಿ, ಸೋಮವಾರಪೇಟೆ ಕಡೆಯ ಬೀದಳ್ಳಿಗೆ ಇಳಿಯುವುದು ನನ್ನ ಲೆಕ್ಕ. ಬೆಟ್ಟದ ಎತ್ತರ 1,712 ಮೀಟರ್. ಕುಕ್ಕೆ ಇರುವುದು ಬುಡದಲ್ಲಿ. ಅಂದರೆ ಒಂದೂವರೆ ಸಾವಿರ ಮೀಟರ್‌ಗೂ ಜಾಸ್ತಿ ಏರು. ಮೊದಲ ದಿನ ಕಾಡಿನ ದಾರಿಯಲ್ಲಿ ಹತ್ತಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ ಸಾರು ಉಂಡು ಮಲಗಿದೆ. ಮರುದಿನ ಬೆಳಕು ಹರಿಯುವ ಮೊದಲೇ ಹೊರಟೆ.

ಕಲ್ಲು ಮಂಟಪ ದಾಟುವವರೆಗೆ ಬರೀ ಹುಲ್ಲುಗಾವಲು. ಮರ ಇಲ್ಲ, ನೆರಳಿಲ್ಲ. ಬಿಸಿಲು ಏರುವ ಮುಂಚೆ ಅದನ್ನು ದಾಟಿಬಿಡಬೇಕು. ಶೇಷ ಪರ್ವತದ ಮೇಲೆ ನಿಂತಾಗ ಮಂಜು ಬಂತು. ನೋಡನೋಡುತ್ತಿದ್ದಂತೆ ಮುಂದಿನ ದಾರಿಯೇ ಮಾಯ. ಅಲ್ಲಿ ನನಗೆ ಭಯ ಆಗಲಿಲ್ಲ. ಕೂತೆ, ಎರಡು ಬಾಳೆಹಣ್ಣು ತಿಂದೆ. ಅರ್ಧ ಗಂಟೆಯಲ್ಲಿ ಮಂಜು ಸರಿಯಿತು.

ಭಯ ಆಗಿದ್ದು ಅದರ ಮುಂದಿನ ಶೋಲಾದಲ್ಲಿ, ಅಂದರೆ ಹುಲ್ಲುಗಾವಲಿನ ನಡುವೆ ಬೆಟ್ಟದ ಸಂದಿಯಲ್ಲಿ ಬೆಳೆಯುವ ದಟ್ಟ ಕಾಡಿನಲ್ಲಿ. ದಾರಿಯ ನಡುವೆ ಆನೆ ಲದ್ದಿ ಬಿದ್ದಿತ್ತು. ಬಗ್ಗಿ ನೋಡಿದೆ. ಇನ್ನೂ ಹಸಿ, ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು. ಅಗಿದು ಬಿಟ್ಟ ಬಿದಿರಿನ ನಾರು ಹಾಗೇ ಕಾಣುತ್ತಿತ್ತು. ನನ್ನ ಎದೆ ಬಡಿತ ನನಗೇ ಕೇಳಿಸಿತು. ಹಿಂದೆ ಸರಿದು ಒಂದು ದೊಡ್ಡ ಮರಕ್ಕೆ ಒರಗಿ ನಿಂತೆ. ಕೊಂಬೆ ಮುರಿಯುವ ಸದ್ದು ಇದೆಯಾ, ವಾಸನೆ ಇದೆಯಾ ಅಂತ ಕಾದೆ. ಹಕ್ಕಿಗಳು ಎಂದಿನಂತೆ ಕೂಗುತ್ತಿದ್ದವು. ಇಪ್ಪತ್ತು ನಿಮಿಷ ಆದ ಮೇಲೆ ಹೆಜ್ಜೆ ಇಟ್ಟೆ.

ಇನ್ನೊಂದು ಭಯ ಬೀದಳ್ಳಿ ಕಡೆ ಇಳಿಯುವ ಬಂಡೆಗಳದ್ದು. ಕಡಿದಾದ ಬಂಡೆ, ನೀರು ಜಿನುಗಿ ಜಾರುತ್ತದೆ. ಜೊತೆಗೆ ಜನ ಇದ್ದರೆ ಕಾಲು ಉಳುಕಿದರೂ ಹೊತ್ತುಕೊಂಡು ಹೋಗುತ್ತಾರೆ. ಒಬ್ಬಳೇ ಇದ್ದಾಗ ಉಳುಕೂ ದೊಡ್ಡ ವಿಷಯವೇ. ಅದಕ್ಕೆ ಕೂತುಕೊಂಡೇ ಜಾರುತ್ತಾ, ಕೈ ಊರಿ, ಒಂದೊಂದೇ ಗೇಣು ಇಳಿದೆ. ಯಾರಾದರೂ ನೋಡಿದರೆ ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆ ಅಲ್ಲಿ ಬೇಡ.

ಇನ್ನು ಗಾಡಿಯ ವಿಷಯ. ಬೀದಳ್ಳಿ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಅಲ್ಲಿ ಬಸ್ಸಿಗೆ ಕಾಯುತ್ತಾ ಕೂತರೆ ಸಂಜೆಯಾಗುತ್ತದೆ. ಲಿಫ್ಟ್ ಕೇಳೋಕೆ ನನ್ನದೇ ಕೆಲವು ಕಟ್ಟುಪಾಡುಗಳಿವೆ. ಯಾರ ಗಾಡಿ ಅಂತ ಆರಿಸುವವಳು ನಾನು. ಒಳಗೆ ಹೆಂಗಸರಿದ್ದರೆ ಮೊದಲು ಅದಕ್ಕೆ ಕೈ ಒಡ್ಡುತ್ತೇನೆ. ಗಾಡಿ ನಂಬರ್ ಅಕ್ಕನಿಗೆ ಕಳಿಸುತ್ತೇನೆ, ಕಳಿಸಿದೆ ಅಂತ ಓಡಿಸುವವರಿಗೂ ಹೇಳುತ್ತೇನೆ. ಒಳ್ಳೆಯವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸಂಜೆ ಐದರ ಮೇಲೆ ಯಾರ ಗಾಡಿಯನ್ನೂ ಹತ್ತುವುದಿಲ್ಲ. ಅವತ್ತೂ ಒಂದು ಕಾರು, ನಾನು ಕೈ ಎತ್ತುವ ಮುಂಚೆಯೇ ನಿಂತಿತು. ಒಳಗೆ ಇಬ್ಬರು ಗಂಡಸರು. "ಅಣ್ಣ ಬರ್ತಾ ಇದ್ದಾನೆ, ನೀವು ಹೋಗಿ" ಅಂದೆ. ಅವರು ಒಳ್ಳೆಯವರೇ ಇದ್ದಿರಬಹುದು. ಆದರೂ ಬೇಡ ಅನ್ನೋಕೆ ನಾನು ಕಾರಣ ಕೊಡಬೇಕಾಗಿಲ್ಲ.

ಆಮೇಲೆ ಒಂದು ಪಿಕಪ್ ಬಂತು. ಹಿಂದೆ ಕಾಫಿ ಹಣ್ಣಿನ ಚೀಲಗಳು, ಮುಂದೆ ಗಂಡ ಹೆಂಡತಿ. ಆಕೆ ಏನೂ ಕೇಳದೆ ಪಕ್ಕಕ್ಕೆ ಸರಿದು, "ಬಾ ಅವ್ವಾ, ಕೂತ್ಕೋ" ಅಂದರು. ಅದು ಕುಯ್ಲಿನ ಕಾಲ. ಅವರ ಬೆರಳ ಸಂದಿಯೆಲ್ಲ ಕಪ್ಪಾಗಿತ್ತು. ಶಾಂತಳ್ಳಿಯಲ್ಲಿ ಇಳಿಸಿ, ಕುಕ್ಕೆಗೆ ಹೋಗೋ ಗಾಡಿಯನ್ನೇ ನೋಡು, ಸುಮ್ನೆ ಅರ್ಧ ದಾರಿಯಲ್ಲಿ ಇಳೀಬೇಡ ಅಂತ ಹೇಳಿ ಹೋದರು.

ಕುಕ್ಕೆಗೆ ಹೋಗುವ ಕಾರೇ ಸಿಕ್ಕಿತು. ಸರ್ಪ ಸಂಸ್ಕಾರಕ್ಕೆ ಹೊರಟ ಒಂದು ಕುಟುಂಬ. ನನ್ನ ಶೂ ಪೂರ್ತಿ ಕೆಸರು. ಹತ್ತಲೋ ಬೇಡವೋ ಅಂತ ನಿಂತಿದ್ದೆ. ಹಿಂದಿನ ಸೀಟಿನ ಅಜ್ಜಿ, ತಿಂಡಿ ಕಟ್ಟಿಕೊಂಡು ಬಂದಿದ್ದ ಪೇಪರ್ ಬಿಡಿಸಿ ಕಾಲಿನ ಕೆಳಗೆ ಹಾಸಿದರು. ಬಿಸಿಲೆ ಘಾಟಿಯಲ್ಲಿ ಮರಗಳ ಸಂದಿಯಿಂದ ಬೆಟ್ಟ ಕಂಡಾಗ, "ಬೆಳಗ್ಗೆ ಅಲ್ಲಿದ್ದೆ" ಅಂತ ತೋರಿಸಿದೆ. ಅಜ್ಜಿ ಬೆಟ್ಟ ನೋಡಿದರು, ನನ್ನ ಮುಖ ನೋಡಿದರು. "ಒಬ್ಳೇನಾ? ಭಯ ಆಗ್ಲಿಲ್ವಾ ಮಗಾ?" ಆನೆ ಲದ್ದಿಯ ಕಥೆ ಹೇಳಿದೆ. ಅವರು ನನ್ನ ಮೊಣಕೈ ಹಿಡಿದುಕೊಂಡರು. ಘಾಟಿ ಇಳಿಯುವವರೆಗೂ ಬಿಡಲಿಲ್ಲ.

ನೀವೂ ಹೋಗುವುದಾದರೆ ಒಂದು ಮಾತು. ಈಗ ಚಾರಣಕ್ಕೆ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕ್ ಮಾಡಬೇಕು, ಶಿಖರದಲ್ಲಿ ಟೆಂಟ್ ಹಾಕುವಂತಿಲ್ಲ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯೋಕೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಎಷ್ಟು ಹೊತ್ತಿಗೆ ಇಳಿಯುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಸೋಮವಾರಪೇಟೆ ಕಡೆ ಮಲ್ಲಳ್ಳಿಯಲ್ಲಿ ಧುಮುಕುವ ಕುಮಾರಧಾರಾ ನದಿ, ಬೆಟ್ಟವನ್ನು ಬಳಸಿಕೊಂಡು ಕುಕ್ಕೆಗೇ ಬರುತ್ತಾಳೆ. ಅವತ್ತು ನಾನೂ ಹಾಗೇ ಬಂದೆ. ಪೆಟ್ರೋಲಿಗೆ ಅಂತ ಕೊಟ್ಟ ದುಡ್ಡನ್ನು ಕಾರಿನವರು ಮುಟ್ಟಲಿಲ್ಲ. ಸ್ನಾನಘಟ್ಟದಲ್ಲಿ ಅಜ್ಜಿಯನ್ನು ಕೈ ಹಿಡಿದು ಇಳಿಸಿ, ಶೂ ಬಿಚ್ಚಿ, ಅವರ ಪಕ್ಕದ ಮೆಟ್ಟಿಲಲ್ಲೇ ಕಾಲು ಇಳಿಬಿಟ್ಟು ಕೂತೆ.