ಸೆರಗು ಯಾವ ಕಡೆ, ಕಾರ್ಬೊರೇಟರ್ ಯಾವ ಕಡೆ

ವಿರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ ಇದೆ. ಬೋರ್ಡಿನಲ್ಲಿ ಹೆಸರು ಯಜಮಾನರದ್ದು, ಸ್ಕ್ಯಾನರ್ ಮುಂದೆ ಕೂರುವುದು ನಾನು. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಆಧಾರ್ ಜೆರಾಕ್ಸ್ ವರ್ಷವಿಡೀ ಇದ್ದದ್ದೇ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ಜೂನ್‌ನಲ್ಲಿ ಮುಚ್ಚಿಟ್ಟ ಟ್ರಂಕನ್ನು ಜನ ಬಿಸಿಲಿಗೆ ಹಾಕಲು ತೆಗೆಯುತ್ತಾರೆ. ನೋಡಿದರೆ ಆಲ್ಬಮ್ಮಿಗೆಲ್ಲ ಬೂಷ್ಟು. ಅಜ್ಜನ ಮೀಸೆಯ ಮೇಲೆ ಬಿಳಿ ಚುಕ್ಕೆ, ಅಜ್ಜಿಯ ಮುಖಕ್ಕೆ ಬಟರ್ ಪೇಪರ್ ಅಂಟಿಕೊಂಡಿರುತ್ತದೆ. ಅದನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ನಮ್ಮಲ್ಲಿಗೆ ಬರುತ್ತಾರೆ.

ಅಂಥ ಫೋಟೋಗಳಲ್ಲಿ ಅರ್ಧಕ್ಕರ್ಧ ಗಾಡಿ ಪಕ್ಕ ನಿಂತು ತೆಗೆಸಿದವು. ಮಡ್‌ಗಾರ್ಡಿಗೆ ಒರಗಿ ಒಬ್ಬರು, ಬಾನೆಟ್ ಮೇಲೆ ಕೂರಿಸಿದ ಮಗು, ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ಕೋವಿ ಹಿಡಿದ ಮಾವ. ಮನುಷ್ಯರ ಹೆಸರು ಮನೆಯವರಿಗೆ ಗೊತ್ತಿರುತ್ತದೆ. ಗಾಡಿಯ ಹೆಸರು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. "ಅಕ್ಕ, ಇದು ಬ್ಯೂಕ್ ಅಲ್ವಾ?" ಎಂದು ಕೇಳುತ್ತಾರೆ. ಕೊಡಗಿನ ಪ್ರತಿ ಮನೆಯಲ್ಲೂ ಒಂದು ಕಾಲಕ್ಕೆ ಬ್ಯೂಕ್ ಎಂಬ ಅಮೆರಿಕದ ಕಾರು ಇತ್ತು ಅಂತ ಕಾಣುತ್ತದೆ! ನೋಡಿದರೆ ಹತ್ತರಲ್ಲಿ ಎಂಟು ಸಲ ಅದು ಅಂಬಾಸಿಡರ್‌ಗೂ ಮುಂಚಿನ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್ ಅಥವಾ ಫಿಯೆಟ್.

ನನಗೆ ಇದು ಗೊತ್ತಾಗಲು ಕಾರಣ ಅಪ್ಪ. ಸಿದ್ದಾಪುರದಲ್ಲಿ ಅವರದ್ದೊಂದು ವರ್ಕ್‌ಶಾಪ್ ಇತ್ತು. ವರ್ಕ್‌ಶಾಪ್ ಅಂದರೆ ಸುಮ್ನೆ ಒಂದು ತಗಡಿನ ಶೆಡ್, ನಡುವೆ ಗುಂಡಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ. ಅಪ್ಪನಿಗೆ ಒಂದು ಚಟ. ತಿರುವಿನಲ್ಲಿ ಗಾಡಿ ಕಂಡ ಕೂಡಲೇ "ಯಾವುದು ಹೇಳು" ಎನ್ನುವರು. ತಪ್ಪು ಹೇಳಿದರೆ ಬೈಗುಳ ಇಲ್ಲ, ಆದರೆ ಆ ಗಾಡಿ ಮತ್ತೆ ಬರುವ ತನಕ ಸರಿ ಉತ್ತರವೂ ಇಲ್ಲ. ಅವರು ಹೇಳುತ್ತಿದ್ದ ಒಂದು ಮಾತು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. "ಗ್ರಿಲ್ ನೋಡಿ ಹೆಸರು ಹೇಳಬೇಡ. ಗುದ್ದಿದರೆ ಮೊದಲು ಹೋಗೋದೇ ಅದು, ಸಿಕ್ಕಿದ್ದನ್ನು ತಂದು ಹಾಕ್ತಾರೆ. ಬಾಗಿಲ ಹಿಂಜಸ್ ಯಾವ ಕಡೆ ಇದೆ ನೋಡು. ಅದನ್ನು ಬದಲಿಸಿದವನನ್ನು ನಾನಂತೂ ಕಂಡಿಲ್ಲ."

ಫಿಯೆಟ್ 1100 ಗುರುತು ಹಿಡಿಯಲು ಇದು ಬಹಳ ಸುಲಭದ ದಾರಿ. 1950ರ ದಶಕದ ಫಿಯೆಟ್‌ನ ಮುಂದಿನ ಬಾಗಿಲಿಗೆ ಹಿಂಜಸ್ ಇರುವುದು ನಡುವಿನ ಕಂಬದಲ್ಲಿ. ಬಾಗಿಲು ಹಿಂದಕ್ಕೆ ತೆರೆಯುತ್ತದೆ. ಮುಂದಿನ ಬಾಗಿಲ ಹಿಡಿ ಗಾಜಿನ ಹತ್ತಿರ, ಮುಂದಗಡೆ ಕಾಣುತ್ತದೆ. ನಮಗೆಲ್ಲ ಗೊತ್ತಿರುವ ಪದ್ಮಿನಿಯಲ್ಲಿ ಹಾಗಿಲ್ಲ. ಮಾರಿಸ್ ಮೈನರ್ ಆದರೆ ಮುಂದಿನ ಗಾಜು ನೋಡಿದರೆ ಸಾಕು. ನಡುವೆ ಪಟ್ಟಿ ಇದ್ದು ಎರಡು ತುಂಡಾಗಿದ್ದರೆ 1956ಕ್ಕಿಂತ ಮುಂಚಿನ ಮಾಡೆಲ್. ಆ ವರ್ಷ ಮೈನರ್ 1000 ಬಂದಾಗ ಒಂದೇ ಗಾಜು ಮಾಡಿದರು. ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತೂ ಬಾನೆಟ್ ಎತ್ತಿ ನಿಂತಿದ್ದರೆ ಕಣ್ಣು ಮುಚ್ಚಿ ಹೇಳಬಹುದು. ಹೆಡ್‌ಲೈಟು, ಮಡ್‌ಗಾರ್ಡು ಸಮೇತ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಅಪ್ಪನಿಗೆ ಇಷ್ಟದ ಗಾಡಿ ಅದು. ಬಗ್ಗಿ ಕೆಲಸ ಮಾಡಬೇಕಾಗಿಲ್ಲ, ಟೈರ್ ಮೇಲೆ ಕೂತು ಟ್ಯಾಪೆಟ್ ಸೆಟ್ ಮಾಡಬಹುದು ಎನ್ನುತ್ತಿದ್ದರು.

ಕಷ್ಟ ಇರುವುದು ಜೀಪಿನಲ್ಲಿ. ಕೊಡಗಿನಲ್ಲಿ ಜೀಪಿಲ್ಲದ ಆಲ್ಬಮ್ ಇಲ್ಲ. ತೋಟದವರಿಗೆ ಕಾರು ಶೋಕಿಗೆ, ಜೀಪು ಬದುಕಿಗೆ. ಜೀಪಿಗೆ ಮಾತ್ರ ಗ್ರಿಲ್ ನೋಡಲು ಅಪ್ಪನ ಒಪ್ಪಿಗೆ ಇತ್ತು. ಸೀಳು ಎಣಿಸಬೇಕು. ಒಂಬತ್ತು ಇದ್ದರೆ ಎರಡನೇ ಮಹಾಯುದ್ಧದ ಗಾಡಿ, ಅಂದರೆ ವಿಲ್ಲಿಸ್ ಎಂಬಿ ಅಥವಾ ಫೋರ್ಡ್ ಜಿಪಿಡಬ್ಲ್ಯೂ. ಏಳು ಇದ್ದರೆ ಯುದ್ಧ ಮುಗಿದ ಮೇಲೆ ಜನರಿಗೆಂದು ಮಾಡಿದ್ದು. ಒಂಬತ್ತರಲ್ಲಿ ವಿಲ್ಲಿಸ್ ಯಾವುದು, ಫೋರ್ಡ್ ಯಾವುದು ಅಂತ ತಿಳಿಯಲು ರೇಡಿಯೇಟರ್ ಕೆಳಗೆ ಚಾಸಿಯ ಅಡ್ಡಪಟ್ಟಿ ನೋಡಬೇಕು. ದುಂಡಗೆ ಪೈಪಿನ ಹಾಗಿದ್ದರೆ ವಿಲ್ಲಿಸ್, ಮೂಲೆ ಇರುವ ಮಗುಚಿದ ದೋಣಿಯಂತಿದ್ದರೆ ಫೋರ್ಡ್. ಫೋಟೋದಲ್ಲಿ ಆ ಜಾಗಕ್ಕೆ ಸರಿಯಾಗಿ ನಾಯಿ ಮಲಗಿರುತ್ತದೆ ಎನ್ನುವುದು ಬೇರೆ ಮಾತು.

ಯುದ್ಧದ ಜೀಪಿಗೆ ಹಿಂದೆ ಬಾಗಿಲಿಲ್ಲ. ಹಿಂದಿನ ತಗಡಿಗೆ ಸ್ಟೆಪ್ನಿ ಕಟ್ಟಿರುತ್ತದೆ. ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಅಡಿಯಲ್ಲಿ. ಪೆಟ್ರೋಲ್ ಹಾಕಬೇಕಾದರೆ ಡ್ರೈವರ್ ಎದ್ದು ಸೀಟು ಎತ್ತಬೇಕು. ಸ್ಟೇರಿಂಗ್ ಎಡಗಡೆ. ಈ ಎಡಗಡೆ ಸ್ಟೇರಿಂಗ್ ವಿಷಯ ನೆನಪಿಟ್ಟುಕೊಳ್ಳಿ, ನನ್ನ ಮರ್ಯಾದೆ ಹೋದದ್ದು ಅದರಿಂದಲೇ.

ಮತ್ತೆ ಲೋ ಬಾನೆಟ್, ಹೈ ಬಾನೆಟ್. ಹಳೆ ವಿಲ್ಲಿಸ್‌ನ 2.2 ಲೀಟರ್, 60 ಕುದುರೆ ಶಕ್ತಿಯ ಎಂಜಿನ್ನಿನಲ್ಲಿ ಗಾಳಿಗೂ ಹೊಗೆಗೂ ಬಾಗಿಲಾದ ವಾಲ್ವ್ ಎಲ್ಲ ಬ್ಲಾಕಿನ ಪಕ್ಕದಲ್ಲಿದ್ದವು. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಎಳೆಯುವ ವಾಲ್ವನ್ನು ಹೆಡ್ಡಿಗೆ, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳಕ್ಕೆ ಏರಿಸಿದರು, ಹೊಗೆ ಬಿಡುವ ವಾಲ್ವ್ ಪಕ್ಕದಲ್ಲೇ ಉಳಿಯಿತು. ಎಂಜಿನ್ ಎತ್ತರವಾಯಿತು, ಬಾನೆಟ್ ಮುಚ್ಚಲಿಲ್ಲ. ಹಾಗಾಗಿ 1953ರಲ್ಲಿ ಸಿಜೆ 3ಬಿ ಎಂಬ ನೆತ್ತಿ ಉಬ್ಬಿದ ಜೀಪು ಬಂತು. ನಮ್ಮ ಮಹೀಂದ್ರಾದವರು ದಶಕಗಟ್ಟಲೆ ಮಾಡಿದ್ದು ಆ ಮುಖವನ್ನೇ. ಈಗಿನವರಿಗೆ ಲೋ ಬಾನೆಟ್ ಹುಚ್ಚು. ಪಂಜಾಬ್ ಹರಿಯಾಣ ಗಡಿಯ ದಬ್ವಾಲಿಯಿಂದ ಹೊಸ ತಗಡಿನ ಬಾಡಿ ತರಿಸಿ, ಹಳೆ ಮಹೀಂದ್ರಾ ಚಾಸಿ ಮೇಲೆ ಕೂರಿಸಿ, ಒಂಬತ್ತು ಸೀಳಿನ ಗ್ರಿಲ್ ಹಾಕಿ "ಅಜ್ಜನ ಕಾಲದ ವಿಲ್ಲಿಸ್" ಅನ್ನುತ್ತಾರೆ. ಬಾನೆಟ್ ತೆಗೆದ ಫೋಟೋ ಕಳಿಸಿ ಅಂದರೆ ಅರ್ಧ ಜನ ಕಳಿಸುವುದೇ ಇಲ್ಲ. ಕಳಿಸಿದವರ ಫೋಟೋದಲ್ಲಿ ಕಿಡಿ ಹಾರಿಸುವ ಪ್ಲಗ್ಗಿನ ದಪ್ಪ ವೈರ್ ಇರುವುದಿಲ್ಲ, ಬದಲಿಗೆ ಸಪೂರ ಸ್ಟೀಲ್ ಪೈಪ್ ನಾಲ್ಕು. ಅಂದರೆ ಕಿಡಿ ಬೇಡದ ಡೀಸೆಲ್. ಅಜ್ಜನ ಕಾಲದ ವಿಲ್ಲಿಸ್‌ಗೆ ಡೀಸೆಲ್ ಎಂಜಿನ್ ಎಲ್ಲಿಂದ ಬಂತು ಮಾರಾಯ್ರೆ!

ಅದಕ್ಕೇ ನನಗೆ ಬಾನೆಟ್ ತೆರೆದ ಫೋಟೋ ಸಿಕ್ಕಿದರೆ ಹಬ್ಬ. ಹಳೆ ಆಲ್ಬಮ್ಮಿನಲ್ಲಿ ಅಂಥವು ಕಡಿಮೆಯೇನಲ್ಲ, ಯಾಕೆಂದರೆ ನಮ್ಮ ಏರಿನಲ್ಲಿ ಎಂಜಿನ್ ಬಿಸಿಯೇರಿ ಗಾಡಿಗಳು ನಿಲ್ಲುತ್ತಿದ್ದವು. ನೀರು ತರಲು ಹೋದವನು ಬರುವ ತನಕ ಇನ್ನೇನು ಮಾಡುವುದು? ಕ್ಯಾಮೆರಾ ಇದ್ದವರು ಫೋಟೋ ತೆಗೆದರು. ಆ ಫೋಟೋದಲ್ಲಿ ಮೊದಲು ನೋಡಬೇಕಾದ್ದು ಪ್ಲಗ್. ಹೆಡ್ ಹಲಗೆಯಂತೆ ಚಪ್ಪಟೆ ಇದ್ದು, ಅದರ ಮೇಲೆ ಪ್ಲಗ್ಗುಗಳು ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಂತಿದ್ದರೆ ಸೈಡ್ ವಾಲ್ವ್ ಎಂಜಿನ್. ಮೇಲೆ ಉದ್ದನೆ ಡಬ್ಬಿಯಂಥ ಟ್ಯಾಪೆಟ್ ಕವರ್ ಇದ್ದು, ಪ್ಲಗ್ ಪಕ್ಕದಲ್ಲಿ ಚುಚ್ಚಿಕೊಂಡಿದ್ದರೆ ಓವರ್‌ಹೆಡ್ ವಾಲ್ವ್.

ಅಂಬಾಸಿಡರ್‌ಗೆ ಇದರಿಂದ ಇಸವಿಯೇ ಸಿಗುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಮೈ ನಮ್ಮಲ್ಲಿ ಅಂಬಾಸಿಡರ್ ಆಯಿತು. ಮೈ ಒಂದೇ, ಎಂಜಿನ್ ಮಾತ್ರ ಬೇರೆ. ಅಲ್ಲಿನದ್ದಕ್ಕೆ ಮೊದಲಿನಿಂದಲೂ 1489 ಸಿಸಿಯ ಓವರ್‌ಹೆಡ್ ವಾಲ್ವ್ ಎಂಜಿನ್. ಇಲ್ಲಿ ಶುರುವಿನ ಅಂಬಾಸಿಡರ್‌ಗೆ ಹಳೆಯ 1476 ಸಿಸಿ ಸೈಡ್ ವಾಲ್ವನ್ನೇ ಹಾಕಿದರು. 1959ರಲ್ಲಿ ಅದು ಹೋಗಿ 1489 ಬಂತು.

ಹೋದ ವರ್ಷ ಒಬ್ಬರು ನೆಗೆಟಿವ್ ತಂದುಕೊಟ್ಟರು. ಬೆಂಗಳೂರಿನಲ್ಲಿ ಕೆಲಸ, ಹುತ್ತರಿಗೆ ಊರಿಗೆ ಬಂದಿದ್ದರು. 120 ಫಿಲ್ಮಿನ ಒಂಟಿ ತುಂಡು, ಅಂಚೆಲ್ಲ ಕತ್ತರಿಸಿಬಿಟ್ಟಿದ್ದರು. ಬ್ರೌನ್ ಕವರಿನ ಮೇಲೆ ಶಾಯಿಯಲ್ಲಿ 1957 ಎಂದಿತ್ತು. ಸ್ಕ್ಯಾನ್ ಮಾಡಿದೆ. ಬಂಗಲೆಯ ಮೆಟ್ಟಿಲು, ಅಂಬಾಸಿಡರ್ ಮೈಯ ಬಾನೆಟ್ ತೆರೆದ ಕಾರು, ಎಂಜಿನ್ನಿಗೆ ಬಗ್ಗಿದ ಡ್ರೈವರ್. ಪಕ್ಕದಲ್ಲಿ ಕೊಡವ ಸೀರೆ ಉಟ್ಟ ಹೊಸ ಮದುಮಗಳು, ನಗು ತಡೆದುಕೊಂಡ ಮುಖ. ನಾನು ಮದುಮಗಳನ್ನು ಬಿಟ್ಟು ಎಂಜಿನ್ ಹಿಗ್ಗಿಸಿ ನೋಡಿದೆ. ಟ್ಯಾಪೆಟ್ ಕವರ್ ಇದೆ, ಪ್ಲಗ್ ಪಕ್ಕದಲ್ಲಿ. ಓವರ್‌ಹೆಡ್ ವಾಲ್ವ್. ಇಸವಿ 57. ಹಾಗಾದರೆ ಅಂಬಾಸಿಡರ್ ಆಗಲು ಸಾಧ್ಯವಿಲ್ಲ! ಮೇಲಿಂದ ಸ್ಟೇರಿಂಗ್ ಎಡಗಡೆ. ನನಗೆ ಮೈ ಜುಮ್ಮೆಂದಿತು. "ಇದು ನಮ್ಮ ದೇಶದ ಗಾಡಿ ಅಲ್ಲ. ಹೊರಗಿಂದ ಬಂದ ಅಸಲಿ ಮಾರಿಸ್ ಆಕ್ಸ್‌ಫರ್ಡ್" ಎಂದು ಅವರಿಗೆ ವಾಟ್ಸಾಪ್ ಮಾಡಿದೆ. ಅವರು ಕುಟುಂಬದ ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ಅಜ್ಜ ಹಡಗಿನಲ್ಲಿ ಕಾರು ತರಿಸಿದ ಕಥೆ ತಯಾರಾಗಿತ್ತು. ಮಂಗಳೂರು ಬಂದರಿನ ವರ್ಣನೆಯನ್ನೂ ಯಾರೋ ಸೇರಿಸಿದ್ದರಂತೆ.

ನಾಲ್ಕನೇ ದಿನ ಅವರ ತಾಯಿ ಅಂಗಡಿಗೆ ಬಂದರು. ಎಂಬತ್ತು ದಾಟಿದೆ, ಬೆನ್ನು ನೆಟ್ಟಗಿದೆ. ಪ್ರಿಂಟ್ ತೆಗೆದು ಕೌಂಟರ್ ಮೇಲಿಟ್ಟರು.

"ಮಗಾ, ಇದರಲ್ಲಿ ಇರೋದು ನಾನು."

"ಗೊತ್ತಾಯ್ತಮ್ಮ, ಚೆನ್ನಾಗಿದೆ."

"ಚೆನ್ನಾಗಿದೆ. ನಾನು ಯಾವಾಗ ಎಡ ಹೆಗಲಿಗೆ ಸೆರಗು ಸಿಕ್ಕಿಸಿದ್ದೆ?"

ನಾನು ಸುಮ್ಮನಾದೆ. ಕೊಡವ ಸೀರೆಯ ನೆರಿಗೆ ಬೆನ್ನ ಹಿಂದೆ. ಸೆರಗು ಎಡ ತೋಳಿನ ಕೆಳಗಿಂದ ಎದೆ ಮೇಲೆ ಹಾದು ಬಲ ಹೆಗಲಿಗೆ ಬರುತ್ತದೆ. ಈ ಊರಿನಲ್ಲಿ ನೂರಾರು ಮದುವೆ ಫೋಟೋ ಪ್ರಿಂಟ್ ಹಾಕಿದ ಕೈ ನನ್ನದು. ಫಿಲ್ಮಿನ ಮಂಕು ಬದಿ, ಹೊಳೆಯುವ ಬದಿ ನೋಡದೆ ಮಗುಚಿ ಇಟ್ಟು ಸ್ಕ್ಯಾನ್ ಮಾಡಿದ್ದೆ. ಎಡಗಡೆ ಸ್ಟೇರಿಂಗ್ ನಾನೇ ಸೃಷ್ಟಿಸಿದ್ದು.

"ಮತ್ತೆ ನಮ್ಮ ಮದುವೆ ಆದದ್ದೇ 61ರಲ್ಲಿ. ಕವರಿನ ಮೇಲೆ ಬರೆದದ್ದು ನಮ್ಮ ಯಜಮಾನ್ರು. ಅವರು ಮದುವೆ ಇಸವಿಯನ್ನು ವರ್ಷಕ್ಕೊಂದು ಹೇಳ್ತಿದ್ರು."

ಸಂಜೆ ಅಂಗಡಿ ಮುಚ್ಚಿ, ಪಕ್ಕದ ಬೀದಿಯಲ್ಲಿ ಇನ್ನೂ ಓಡುವ ಒಂದು ಪೆಟ್ರೋಲ್ ಅಂಬಾಸಿಡರ್ ಇದೆ, ಅದರ ಬಾನೆಟ್ ತೆಗೆಸಿದೆ. ಟಾರ್ಚ್ ಹಿಡಿದು ನೋಡಿದೆ. ಅಪ್ಪ ಶೆಡ್ಡಿನಲ್ಲಿ ಸಾವಿರ ಸಲ ತೋರಿಸಿದ್ದೇ. ಡ್ರೈವರ್ ಸೀಟಿನಲ್ಲಿ ಕೂತವನ ಬಲಗೈ ಕಡೆ ಪ್ಲಗ್ಗು, ಪ್ಲಗ್ಗಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್. ಎಡಗೈ ಕಡೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್, ಅದರ ಕೆಳಗೆ ಸೈಲೆನ್ಸರಿಗೆ ಹೋಗುವ ಮ್ಯಾನಿಫೋಲ್ಡ್. ಸ್ಟೇರಿಂಗನ್ನು ಎಡಕ್ಕಾದರೂ ಹಾಕಲಿ ಬಲಕ್ಕಾದರೂ ಹಾಕಲಿ, ಈ ಎಂಜಿನ್ನಿನ ಪ್ಲಗ್ ಕಡೆ ಬದಲಾಗುವುದಿಲ್ಲ. ನನ್ನ ಸ್ಕ್ಯಾನಿನಲ್ಲಿ ಎಲ್ಲ ಉಲ್ಟಾ ಇತ್ತು. ಪ್ಲಗ್ ನಿಂತಿದೆಯೋ ಮಲಗಿದೆಯೋ ಅಂತ ನೋಡಿದವಳು ಯಾವ ಕಡೆ ಇದೆ ಅಂತ ನೋಡಿರಲಿಲ್ಲ. ಅಪ್ಪ ಇದ್ದಿದ್ದರೆ ಸ್ಪ್ಯಾನರಿನಲ್ಲಿ ತಲೆಗೆ ಮೊಟಕುತ್ತಿದ್ದರು.

1961, ಬಲಗಡೆ ಸ್ಟೇರಿಂಗ್, 1489 ಸಿಸಿ. ನಮ್ಮ ಸಾದಾ ಅಂಬಾಸಿಡರ್. ಹಡಗಿಲ್ಲ, ಬಂದರಿಲ್ಲ.

ಮಾರನೇ ದಿನ ಫಿಲ್ಮ್ ಸರಿಯಾಗಿ ಇಟ್ಟು ಹೊಸ ಪ್ರಿಂಟ್ ತೆಗೆದೆ, ದುಡ್ಡು ಬೇಡ ಎಂದೆ. ಅವರು ಎರಡನ್ನೂ ಪಕ್ಕ ಪಕ್ಕ ಇಟ್ಟು ತುಂಬ ಹೊತ್ತು ನೋಡಿದರು. ಸರಿಯಾದದ್ದರಲ್ಲಿ ಸೆರಗು ಬಲಕ್ಕೆ, ಸ್ಟೇರಿಂಗ್ ಬಲಕ್ಕೆ, ಎಲ್ಲ ಇರಬೇಕಾದ ಕಡೆ ಇತ್ತು.

"ಇದನ್ನು ಮಕ್ಕಳಿಗೆ ಕೊಡ್ತೇನೆ" ಎಂದರು. ತಪ್ಪು ಪ್ರಿಂಟನ್ನು ಎತ್ತಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. "ಇದು ನನಗಿರಲಿ. ಕನ್ನಡಿಯಲ್ಲಿ ನಾನು ಹೀಗೇ ಇದ್ದೆ."